ಅಜ್ಜನ ಕೋವಿ, ಮೊಮ್ಮಗನ ಹೆಗಲು

ರೈಫಲಿಗೆ ಮುಂದೊಂದು ಹಿಂದೊಂದು ಗುರಿ ಇರುತ್ತದೆ, ಎರಡನ್ನೂ ಒಂದೇ ಗೆರೆಗೆ ತಂದರೆ ಕೆಲಸ ಮುಗಿಯಿತು. 12 ಬೋರಿನ ತೋಟೆಕೋವಿಯಲ್ಲಿ ನಳಿಗೆಯ ತುದಿಗೆ ಒಂದು ಮಣಿ ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ಗುರಿಯ ಕೆಲಸ ನಿಮ್ಮ ಕಣ್ಣಿನದು. ಆ ಕಣ್ಣು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಕೆನ್ನೆಯ ಕೆಳಗಿನ ಮರ, ಅಂದರೆ ಕೋವಿಯ ಹಿಡಿ. ಮರ ಕಾಲು ಇಂಚು ಆಚೀಚೆ ಇದ್ದರೆ ಹಿಂದಿನ ಗುರಿ ಕಾಲು ಇಂಚು ತಪ್ಪಿದ ರೈಫಲಿಗೂ ಆ ಕೋವಿಗೂ ವ್ಯತ್ಯಾಸ ಇಲ್ಲ.

ದಕ್ಷಿಣ ಕನ್ನಡ, ಉಡುಪಿಯ ತೋಟದ ಮನೆಗಳಲ್ಲಿರುವ ಕೋವಿಗಳಲ್ಲಿ ಬಹಳಷ್ಟು ಬೆಳೆ ರಕ್ಷಣೆಗೆಂದು ಪಡೆದವು, ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದವು. ಪರವಾನಗಿಯಲ್ಲಿ ಹೆಸರು ಬದಲಾಗುತ್ತದೆ, ಮರದ ಅಳತೆ ಹಾಗೆಯೇ ಉಳಿಯುತ್ತದೆ. ಐದಡಿ ಮೂರಂಗುಲದ ಅಜ್ಜನಿಗೆ ಸರಿಹೋಗುತ್ತಿದ್ದ ಹಿಡಿಯನ್ನು ಐದಡಿ ಹತ್ತಂಗುಲದ ಮೊಮ್ಮಗ ಹೆಗಲಿಗೇರಿಸಿ, ಗುರಿ ತಪ್ಪಿದಾಗ ತೋಟೆ ಹಳತಾಗಿದೆ ಎನ್ನುತ್ತಾನೆ. ಕೋವಿ ರಿಪೇರಿಯವರ ಮೇಜಿಗೆ ಬರುವ ದೂರುಗಳಲ್ಲಿ ತೋಟೆಯ ತಪ್ಪು ಕಡಿಮೆ.

ಮೊದಲು ಕಾನೂನಿನ ಎರಡು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿಯ ಕಸುಬಿಗೂ ಪರವಾನಗಿ ಬೇಕು. ಆದ್ದರಿಂದ ಊರಿನ ಆಚಾರಿ ಎಷ್ಟೇ ನುರಿತವರಾದರೂ ಅವರ ಕೈಗೆ ಕೋವಿ ಕೊಟ್ಟು ಬರುವಂತಿಲ್ಲ. ನಳಿಗೆಯನ್ನು ಗಿಡ್ಡ ಮಾಡಿಸುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಮತ್ತೆ, ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿ ಅಲ್ಲ, 1972ರ ವನ್ಯಜೀವಿ ಕಾಯ್ದೆ ಬೇರೆಯೇ ಉಂಟು.

ಅಳತೆಯ ಟೇಪು ತೆಗೆಯುವ ಮೊದಲು ಕಣ್ಣು ನೋಡಬೇಕು. ಎರಡೂ ಕಣ್ಣು ತೆರೆದು, ದೂರದ ತೆಂಗಿನ ಕಾಂಡವೊಂದಕ್ಕೆ ತೋರುಬೆರಳು ಚಾಚಿ. ಎಡಗಣ್ಣು ಮುಚ್ಚಿದಾಗ ಬೆರಳು ಕಾಂಡದ ಮೇಲೆಯೇ ನಿಂತರೆ ನಿಮ್ಮದು ಬಲಗಣ್ಣಿನ ಮೇಲುಗೈ. ಬೆರಳು ಪಕ್ಕಕ್ಕೆ ಹಾರಿದರೆ ಎಡಗಣ್ಣಿನದು. ಬಲ ಹೆಗಲಿನಿಂದ ಹೊಡೆಯುವವರಿಗೆ ಎಡಗಣ್ಣು ಮೇಲಾದರೆ ಮರವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಎರಡು ಕಣ್ಣಿನ ನಡುವಿನ ಅಂತರ ಸುಮಾರು ಎರಡೂವರೆ ಇಂಚು. 16 ಗಜ ದೂರದಲ್ಲಿ ಅದು ಮೂರಡಿಗೂ ಹೆಚ್ಚಿನ ತಪ್ಪಾಗುತ್ತದೆ. ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಅಷ್ಟು ಎಡಕ್ಕೆ ಹೋಗುತ್ತಿದ್ದರೆ ಕನ್ನಡಕದ ಎಡಗಾಜಿಗೆ ಸಣ್ಣ ಟೇಪಿನ ಚೂರು ಅಂಟಿಸಿ ನೋಡಿ, ಇಲ್ಲವೇ ಹೆಗಲು ಬದಲಿಸಿ. ಕನ್ನಡಕದವರಿಗೆ ಇನ್ನೊಂದು ತೊಡಕು: ತಲೆ ಮುಂದಕ್ಕೆ ಬಾಗಿದಾಗ ಫ್ರೇಮಿನ ಮೇಲಂಚು ನೋಟಕ್ಕೆ ಅಡ್ಡ ಬರುತ್ತದೆ. ಅಳತೆಗೆ ಬರುವಾಗ ತೋಟದಲ್ಲಿ ಹಾಕಿಕೊಳ್ಳುವ ಕನ್ನಡಕವನ್ನೇ ಹಾಕಿಕೊಂಡು ಬನ್ನಿ. ಅಂಗಿಯೂ ಅಷ್ಟೇ. ಚಳಿದೇಶದವರು ದಪ್ಪ ಕೋಟಿನ ಮೇಲೆ ಕೋವಿ ಇಡುತ್ತಾರೆ, ನಮ್ಮಲ್ಲಿ ವರ್ಷವಿಡೀ ತೆಳ್ಳನೆಯ ಹತ್ತಿ ಅಂಗಿ. ಆ ಕೋಟಿನ ದಪ್ಪವನ್ನು ಮರದಲ್ಲೇ ತುಂಬಿಸಬೇಕಾಗುತ್ತದೆ.

ಕೋವಿಯನ್ನು ಪ್ರತಿಸಲವೂ ಒಂದೇ ರೀತಿ ಹೆಗಲಿಗೆ ತರಲು ಬಾರದವರಿಗೆ ಅಳತೆ ತೆಗೆಯುವುದು ದಂಡ. ಎರಡು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿ. ಕೋವಿ ತೆರೆದು ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು, ಹುಸಿ ತೋಟೆ ಹಾಕಿಕೊಂಡು, ದಿನಕ್ಕೆ 20 ಸಲ. ಕನ್ನಡಿಯಲ್ಲಿ ಕಾಣುವ ನಿಮ್ಮದೇ ಕಣ್ಣಿಗೆ ನೋಟ ನೆಟ್ಟು ಕೋವಿಯನ್ನು ಕೆನ್ನೆಗೆ ತನ್ನಿ. ಕೆನ್ನೆ ಕೋವಿಯ ಹತ್ತಿರ ಹೋಗಬಾರದು, ಕೋವಿ ಕೆನ್ನೆಯ ಹತ್ತಿರ ಬರಬೇಕು. ನಳಿಗೆಯ ನೇರಕ್ಕೆ, ಅದರ ಬುಡಕ್ಕಿಂತ ಒಂದೆರಡು ನಾಣ್ಯದ ದಪ್ಪದಷ್ಟು ಮೇಲೆ ಕಣ್ಣಿನ ಪಾಪೆ ಕಂಡರೆ ಸರಿ. ಪಾಪೆ ಅರ್ಧ ಮುಳುಗಿದ್ದರೆ ಹಿಡಿ ತಗ್ಗು. ಪಾಪೆ ನಳಿಗೆಯ ಪಕ್ಕಕ್ಕೆ ಇಣುಕುತ್ತಿದ್ದರೆ ಹಿಡಿಯ ಓರೆ, ಅಂದರೆ ಅದು ಪಕ್ಕಕ್ಕೆ ಸರಿದಿರುವ ಅಳತೆ, ಸಾಲದು.

ಈಗ ಅಳತೆಗಳು. ಉದ್ದವನ್ನು ಟ್ರಿಗರಿನ ನಡುವಿನಿಂದ ಬಟ್ಟಿನ, ಅಂದರೆ ಹೆಗಲಿಗೆ ಒತ್ತುವ ಹಿಂತುದಿಯ, ನಡುವಿನವರೆಗೆ ಹಿಡಿಯುತ್ತಾರೆ. ಜೋಡುನಳಿಗೆಯಲ್ಲಿ ಎರಡು ಟ್ರಿಗರಿದ್ದರೆ ಮುಂದಿನದರಿಂದ. ಹಿಂದಿನದರಿಂದ ಅಳೆದರೆ ಹತ್ತಿರ ಹತ್ತಿರ ಒಂದು ಇಂಚು ಕಡಿಮೆ ಬರುತ್ತದೆ, ಅಂಗಡಿಯವರಿಗೆ ಫೋನಿನಲ್ಲಿ ಅಳತೆ ಹೇಳುವಾಗ ಈ ತಪ್ಪು ಪದೇ ಪದೇ ಆಗುತ್ತದೆ. ಕಾರ್ಖಾನೆಯ ಕೋವಿಗಳು ಸಾಮಾನ್ಯವಾಗಿ 14 ರಿಂದ 14½ ಇಂಚು. ಬಟ್ಟನ್ನು ಮೊಣಕೈಯ ಮಡಿಕೆಗೆ ಇಟ್ಟು ಬೆರಳು ಟ್ರಿಗರಿಗೆ ಎಟುಕುತ್ತದೆಯೇ ಎಂದು ನೋಡುವ ಪದ್ಧತಿ ಎಲ್ಲೆಡೆ ಉಂಟು. ಅದು ಮುಂಗೈಯನ್ನು ಮಾತ್ರ ಅಳೆಯುತ್ತದೆ. ಕುತ್ತಿಗೆಯ ಉದ್ದ, ಹೆಗಲಿನ ಅಗಲ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಕೋವಿ ಹೆಗಲಿನಲ್ಲಿದ್ದಾಗ ಹಿಡಿಯ ಕತ್ತಿನ ಮೇಲಿರುವ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳು ಜಾಗ ಇರಬೇಕು. ಜಾಗ ಕಡಿಮೆಯಾದರೆ ಹೊಡೆದಾಗ ಹೆಬ್ಬೆರಳು ಮೂಗಿಗೆ, ತುಟಿಗೆ ಬಡಿಯುತ್ತದೆ. ಹಿಡಿ ಉದ್ದವಾದರೆ ಬಟ್ಟಿನ ಮೇಲ್ತುದಿ ಕಂಕುಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅವಸರದಲ್ಲಿ ಎತ್ತಿದವರ ರಟ್ಟೆಯ ಮೇಲೆ ನೀಲಿ ಕಲೆ ಬೀಳುವುದು ಇದರಿಂದಲೇ, ಬಟ್ಟು ಹೆಗಲಿನ ಗುಳಿಗೆ ಸೇರದೆ ತೋಳಿನ ಮೇಲೆ ಕೂತಿರುತ್ತದೆ.

ಡ್ರಾಪ್, ಅಂದರೆ ನಳಿಗೆಯ ಗೆರೆಗಿಂತ ಹಿಡಿ ಎಷ್ಟು ತಗ್ಗಿದೆ ಎಂಬುದನ್ನು, ಅಳೆಯಲು ಸಮತಟ್ಟಾದ ಮೇಜು ಸಾಕು. ಕೋವಿಯನ್ನು ಮಗುಚಿ, ನಳಿಗೆಯ ಮೇಲ್ಪಟ್ಟಿ ಮೇಜಿಗೆ ತಾಗುವಂತೆ ಮಲಗಿಸಿ, ತುದಿಯ ಮಣಿ ಮೇಜಿನ ಅಂಚಿನಿಂದ ಹೊರಗಿರಲಿ. ಮೇಜಿನಿಂದ ಕೆನ್ನೆ ತಾಗುವ ಅಂಚಿನ ಮುಂತುದಿಗೆ ಒಂದು ಅಳತೆ, ಬಟ್ಟಿನ ಮೇಲ್ತುದಿಗೆ ಒಂದು. ಇಂದಿನ ಕೋವಿಗಳಲ್ಲಿ ಮೊದಲನೆಯದು ಸುಮಾರು 1½ ಇಂಚು, ಎರಡನೆಯದು 2¼ ರಿಂದ 2½. ಹಳೆಯ ಕೋವಿಗಳಲ್ಲಿ ಹಿಂಭಾಗ 3 ಇಂಚಿನವರೆಗೂ ತಗ್ಗಿರುತ್ತದೆ, ಆಗಿನವರು ತಲೆಯನ್ನು ನೆಟ್ಟಗೆ ಇಟ್ಟು ಹೊಡೆಯುತ್ತಿದ್ದರು. ಹಿಡಿಯ ಓರೆ, ಅಂದರೆ ಕಾಸ್ಟ್, ನೋಡಲು ಮಣಿಯ ನಡುವಿನಿಂದ ಮೇಲ್ಪಟ್ಟಿಯ ಮಧ್ಯಕ್ಕೆ ಸರಿಯಾಗಿ ಒಂದು ದಾರ ಬಿಗಿದು ಬಟ್ಟಿನವರೆಗೆ ಎಳೆಯಿರಿ. ಬಲಗೈಯವರಿಗೆ ಬಟ್ಟಿನ ಮೇಲ್ತುದಿ ದಾರದ ಬಲಕ್ಕೆ ⅛ ಇಂಚಿನಷ್ಟು, ಕೆಳತುದಿ ¼ ಇಂಚಿನಷ್ಟು ಸರಿದಿರುವುದು ಸಾಮಾನ್ಯ. ಎಡಗೈಯವರಿಗೆ ಇದು ಅದಲುಬದಲು. ಅಗಲ ಮುಖ, ಅಗಲ ಹೆಗಲಿದ್ದವರಿಗೆ ಇನ್ನಷ್ಟು ಬೇಕು. ಪಿಚ್, ಅಂದರೆ ನಳಿಗೆಗೆ ಹೋಲಿಸಿದರೆ ಬಟ್ಟು ಎಷ್ಟು ವಾಲಿದೆ ಎಂದು, ನೋಡಲು ಬಟ್ಟನ್ನು ನೆಲಕ್ಕೆ ಪೂರ್ತಿ ಊರಿ, ನಳಿಗೆಯ ಬುಡ ಗೋಡೆಗೆ ತಾಗುವಂತೆ ನಿಲ್ಲಿಸಿ. ತುದಿ ಗೋಡೆಯಿಂದ ಒಂದೆರಡು ಇಂಚು ದೂರ ನಿಲ್ಲಬೇಕು. ಗೋಡೆಗೇ ಅಂಟಿದರೆ ಕೆಳತುದಿ ಎದೆಗೆ ಚುಚ್ಚುತ್ತದೆ, ಬಟ್ಟು ಕಂಕುಳಿಗೆ ಜಾರುತ್ತದೆ. ತೀರಾ ದೂರ ನಿಂತರೆ ಬಟ್ಟು ಮೇಲಕ್ಕೆ ಜಾರಿ ಕೆನ್ನೆಗೆ ಗುದ್ದುತ್ತದೆ. ಹೆಂಗಸರಿಗೆ ಎದೆಗೆ ಚುಚ್ಚುವ ದೂರೇ ಹೆಚ್ಚು, ಆದರೆ ಬಹಳ ಮಂದಿ ಅದನ್ನು ಒದೆತ ಎಂದುಕೊಂಡು ಸುಮ್ಮನಿರುತ್ತಾರೆ.

ಇಷ್ಟೆಲ್ಲ ಅಳೆದ ಮೇಲೂ ತೀರ್ಪು ಕೊಡುವುದು ಕಾಗದ. ಪರವಾನಗಿ ಇರುವ ಶೂಟಿಂಗ್ ರೇಂಜಿನಲ್ಲೇ ಈ ಪರೀಕ್ಷೆ. ಮನೆಯ ಹಿಂದಿನ ಗುಡ್ಡದಲ್ಲಿ ಬೇಡವೇ ಬೇಡ, ಸಣ್ಣ ಚರೆ ಸಹ 200 ಗಜ ದಾಟಿ ಹೋಗುತ್ತದೆ, ನಮ್ಮೂರುಗಳಲ್ಲಿ ಅಷ್ಟು ದೂರದೊಳಗೆ ಇನ್ನೊಂದು ಮನೆ ಇದ್ದೇ ಇರುತ್ತದೆ. ನಾಲ್ಕಡಿ ಅಗಲದ ಕಾಗದದ ನಡುವೆ ಒಂದು ಕಪ್ಪು ಚುಕ್ಕಿ, 16 ಗಜ ದೂರ, ಒಂದೇ ನಳಿಗೆಯಿಂದ ಆರು ಸುತ್ತು. ಗುರಿ ಹಿಡಿದು ನಿಲ್ಲಬೇಡಿ. ಚುಕ್ಕಿಯ ಮೇಲೆ ಕಣ್ಣಿಟ್ಟು ಕೋವಿ ಎತ್ತಿ, ಕೆನ್ನೆಗೆ ತಾಗಿದ ಕೂಡಲೇ ಹೊಡೆಯಿರಿ. ಮಣಿ ನೋಡುತ್ತ ನಿಂತರೆ ಮರದ ತಪ್ಪನ್ನು ನಿಮಗೆ ಗೊತ್ತಿಲ್ಲದೆಯೇ ನೀವು ತಿದ್ದಿಬಿಡುತ್ತೀರಿ, ಕಾಗದ ಸುಳ್ಳು ಹೇಳುತ್ತದೆ. 16 ಗಜವೇ ಯಾಕೆಂದರೆ ಕಣ್ಣಿನಿಂದ ನಳಿಗೆಯ ತುದಿಗೆ ಹೆಚ್ಚುಕಡಿಮೆ ಒಂದು ಗಜ. ಹಾಗಾಗಿ ಕಾಗದದಲ್ಲಿ ಒಂದು ಇಂಚು ತಪ್ಪಿದರೆ ಮರದಲ್ಲಿ ಇಂಚಿನ ಹದಿನಾರನೇ ಒಂದು ಭಾಗ ತಿದ್ದಬೇಕು, ಅಂದರೆ ಸುಮಾರು 1.6 ಮಿಲಿಮೀಟರ್. ಚರೆಯ ಗುಂಪು ಮೂರು ಇಂಚು ಎಡಕ್ಕೆ ಬಿದ್ದಿದ್ದರೆ ಬಲಗೈಯವರಿಗೆ ಓರೆ ಇನ್ನು 3/16 ಇಂಚು ಹೆಚ್ಚಬೇಕು. ಎರಡು ಇಂಚು ಮೇಲೆ ಬಿದ್ದಿದ್ದರೆ ಕೆನ್ನೆಯ ಅಂಚು ⅛ ಇಂಚು ತಗ್ಗಬೇಕು.

ಆರು ಸುತ್ತಿನಲ್ಲಿ ಎರಡು ಮೇಲೆ, ಎರಡು ಕೆಳಗೆ, ಎರಡು ನಡುವೆ ಬಿದ್ದರೆ ಏನು ಮಾಡುವುದು? ಸರಾಸರಿ ತೆಗೆದು ಕೋವಿ ಸರಿ ಇದೆ ಎನ್ನುವವರು ಉಂಟು, ಅದು ತಪ್ಪು. ತಗ್ಗಿದ ಹಿಡಿಯ ಲಕ್ಷಣವೇ ಇದು. ಕೆನ್ನೆ ಪೂರ್ತಿ ಒತ್ತಿದಾಗ ಕಣ್ಣಿಗೆ ನಳಿಗೆಯ ಬುಡವೇ ಅಡ್ಡ, ಚರೆ ಕೆಳಗೆ ಹೋಗುತ್ತದೆ. ಏನೂ ಕಾಣುವುದಿಲ್ಲವಲ್ಲ ಎಂದು ಮುಂದಿನ ಸಲ ತಲೆ ಎತ್ತುತ್ತಾರೆ, ಕೆನ್ನೆ ಮರದಿಂದ ಬಿಡುತ್ತದೆ, ಚರೆ ಮೇಲೆ ಹೋಗುತ್ತದೆ. ಕೆನ್ನೆ ಬಿಟ್ಟಿದ್ದರಿಂದ ಒದೆತದ ಪೆಟ್ಟೂ ಹೆಚ್ಚು. ಇಂಥಲ್ಲಿ ಉಳಿ ಹಿಡಿಯುವ ಮೊದಲು ಅಂಚಿನ ಮೇಲೆ ರೆಕ್ಸಿನ್ ಪಟ್ಟಿಗಳನ್ನು ಒಂದರ ಮೇಲೊಂದು ಟೇಪಿನಿಂದ ಕಟ್ಟಿ. ಪ್ರತಿ ಪಟ್ಟಿಯ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆದು ಬರೆದುಕೊಳ್ಳಿ, ಒಂದು ಮಿಲಿಮೀಟರ್ ಏರಿಸಿದರೆ 16 ಗಜದಲ್ಲಿ 16 ಮಿಲಿಮೀಟರ್ ಏರುತ್ತದೆ. ಪಟ್ಟಿ ಅಂಚಿನ ನೆತ್ತಿಯ ಮೇಲೆ ಮಾತ್ರ ಇರಲಿ. ಎಡಬದಿಗೂ ಇಳಿದರೆ ಬಲಗೈಯವರ ಮುಖವನ್ನು ಎಡಕ್ಕೆ ತಳ್ಳಿ ಹೊಸ ತಪ್ಪು ಹುಟ್ಟಿಸುತ್ತದೆ. ಗುಂಪು ಒಂದೇ ಕಡೆ ಬೀಳತೊಡಗಿದ ಮೇಲೆ ಲೆಕ್ಕ ಹಾಕಿ.

ಟ್ರ್ಯಾಪ್ ಸ್ಪರ್ಧೆಗೆ ಅಭ್ಯಾಸ ಮಾಡುವ ಮಕ್ಕಳ ಲೆಕ್ಕ ಸ್ವಲ್ಪ ಬೇರೆ. 110 ಮಿಲಿಮೀಟರ್ ಅಗಲದ ಮಣ್ಣಿನ ಬಿಲ್ಲೆ ಏರುತ್ತಲೇ ದೂರ ಹಾರುತ್ತದೆ, ಆದ್ದರಿಂದ ಅವರ ಕೋವಿ ಚುಕ್ಕಿಗಿಂತ ತುಸು ಮೇಲೆ ಹೊಡೆಯುವುದೇ ಸರಿ. ಆ ಕೋವಿಗಳಲ್ಲಿ ಅನೇಕಕ್ಕೆ ಕೆನ್ನೆಯ ಅಂಚನ್ನು ಕೀಲಿಯಿಂದ ಏರಿಸಿ ಇಳಿಸುವ ಸೌಕರ್ಯ ಇರುತ್ತದೆ. ಬೆಳೆಯುವ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ನೋಡಬೇಕು.

ಮರದ ಕೆಲಸದಲ್ಲಿ ಉದ್ದ ಮಾಡುವುದು ಸುಲಭ: ಅರ್ಧದಿಂದ ಒಂದು ಇಂಚಿನ ರಬ್ಬರ್ ಪ್ಯಾಡ್, ಬೇಕಿದ್ದರೆ ನಡುವೆ ಎಬೊನೈಟ್ ಬಿಲ್ಲೆ. ನಮ್ಮ ಸೆಕೆಗೆ ರಬ್ಬರ್ ಕೆಲವು ವರ್ಷಗಳಲ್ಲಿ ಅಂಟಂಟಾಗುತ್ತದೆ, ಬದಲಿಸಬೇಕು. ಗಿಡ್ಡ ಮಾಡುವಾಗ ಒಂದೇ ಸಲ ಕೊಯ್ಯಬೇಡಿ. ಬೇಕಾದ್ದಕ್ಕಿಂತ ಕಾಲು ಇಂಚು ಉದ್ದ ಬಿಟ್ಟು ಕೊಯ್ದು, ಹೊಡೆದು ನೋಡಿ ಮತ್ತೆ ಕೊಯ್ಯಿರಿ. ಗರಗಸದ ಗೆರೆಗೆ ಟೇಪು ಸುತ್ತಿದರೆ ಅಂಚು ಸಿಬಿರೇಳುವುದಿಲ್ಲ. ಗರಗಸ ಒಂದಿಷ್ಟು ವಾಲಿದರೂ ಪಿಚ್ ಕೆಡುತ್ತದೆ.

ಓರೆ, ತಗ್ಗು ತಿದ್ದಲು ಮರವನ್ನೇ ಬಗ್ಗಿಸುತ್ತಾರೆ. ಹಿಡಿಯ ಕತ್ತಿನ ಭಾಗಕ್ಕೆ ಬಿಸಿ ಅಗಸೆ ಎಣ್ಣೆ ಅಥವಾ ಇನ್ಫ್ರಾರೆಡ್ ದೀಪದ ಶಾಖ ಕೊಟ್ಟು, ಚೌಕಟ್ಟಿನಲ್ಲಿ ಸ್ಕ್ರೂ ತಿರುಗಿಸುತ್ತ ನಿಧಾನ ಒತ್ತುವುದು, ಪೂರ್ತಿ ತಣಿಯುವವರೆಗೆ ಬಿಚ್ಚದಿರುವುದು. ಬಿಚ್ಚಿದ ಮೇಲೆ ಮರ ತುಸು ಹಿಂದಕ್ಕೆ ಬರುತ್ತದೆ. ಒಂದು ವಾರ ಬಿಟ್ಟು ಮತ್ತೆ ಅಳೆಯದ ಕೆಲಸಗಾರನಿಗೆ ಹಣ ಕೊಡಬೇಡಿ. ಅಕ್ರೋಟ್ ಮರದ ಎಳೆ ಕತ್ತಿನಲ್ಲಿ ನೇರವಾಗಿ ಹರಿದಿದ್ದರೆ ಬಗ್ಗುತ್ತದೆ. ಎಳೆ ಅಡ್ಡ ಹೋಗಿದ್ದರೆ, ಹಳೆಯ ಬಿರುಕಿದ್ದರೆ ಮುರಿಯುತ್ತದೆ. ಒಂಟಿನಳಿಗೆಯ ಹಲವು ಕೋವಿಗಳಲ್ಲಿ ಬಟ್ಟಿನಿಂದ ಹಿಡಿಯೊಳಗೆ ಉದ್ದ ಬೋಲ್ಟ್ ಹಾದಿರುತ್ತದೆ. ಅವನ್ನು ಹೆಚ್ಚು ಬಗ್ಗಿಸಲಾಗದು, ಅಂಚು ಕೆತ್ತುವುದೋ ಏರಿಸುವುದೋ ದಾರಿ. ಮುರಿದ ಹಿಡಿಯ ಬದಲು ಬೀಟೆ ಮರದ್ದು ಹಾಕಿಸಿದ ಕೋವಿಗಳೂ ಕಾಣಸಿಗುತ್ತವೆ. ನೋಡಲು ಚಂದ, ಆದರೆ ಅಕ್ರೋಟಿಗಿಂತ ತೂಕ, ಹಿಂಭಾಗ ಭಾರವಾಗಿ ನಳಿಗೆಯ ತುದಿ ಗಾಳಿಯಲ್ಲಿ ಅಲೆದಾಡುತ್ತದೆ.

ಅಳತೆ ಸರಿಯಾದರೆ ಒದೆತ ಕಡಿಮೆಯಾಗುತ್ತದೆ ಎಂಬುದು ಅರ್ಧ ಸತ್ಯ. ಶಕ್ತಿ ಅಷ್ಟೇ ಇರುತ್ತದೆ, ಇಡೀ ಬಟ್ಟಿಗೆ ಹಂಚಿಹೋಗುತ್ತದೆ. ಕೋವಿ ಚರೆಯ ತೂಕದ 96 ಪಟ್ಟು ಇರಬೇಕೆಂಬ ಹಳೆಯ ಲೆಕ್ಕದಲ್ಲಿ 32 ಗ್ರಾಂ ಚರೆಗೆ ಮೂರು ಕಿಲೋ ಕೋವಿ ಬೇಕು. ಹಗುರ ಒಂಟಿನಳಿಗೆಯವರು 28 ಗ್ರಾಂ ಕೇಳಿ ತನ್ನಿ. ಹಳೆಯ ವಿಲಾಯತಿ ಕೋವಿಯಾದರೆ ತೋಟೆಮನೆ 2½ ಇಂಚಿನದೇ ಎಂದು ಮೊದಲು ಅಳೆಯಿಸಿ. 2¾ ಇಂಚಿನ ತೋಟೆ ಅದರೊಳಗೆ ಕೂರುತ್ತದೆ, ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ.

ತಿದ್ದಿದ ಮರವನ್ನು ಕೆಡಿಸುವುದರಲ್ಲಿ ಮೊದಲ ಸ್ಥಾನ ತೆಂಗಿನೆಣ್ಣೆಗೆ. ಅದು ಒಣಗುವ ಎಣ್ಣೆಯಲ್ಲ. ವರ್ಷ ವರ್ಷ ಉಜ್ಜಿದರೆ ಮರದೊಳಗೆ ಇಳಿದು, ಕಬ್ಬಿಣ ಕೂರುವ ಜಾಗವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಮರಕ್ಕೆ ಅಗಸೆ ಎಣ್ಣೆ ಸಾಕು, ಬೆರಳಿನ ತುದಿಯಷ್ಟು. ನಳಿಗೆಗೆ ಎಣ್ಣೆ ಹಾಕಿದ ಕೋವಿಯನ್ನು ಒಂದೆರಡು ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಇಲ್ಲವಾದರೆ ಆ ಎಣ್ಣೆಯೂ ಹಿಡಿಗೇ ಇಳಿಯುತ್ತದೆ. ಆಯುಧಪೂಜೆಯ ಗಂಧ ಕುಂಕುಮವನ್ನು ಅದೇ ಸಂಜೆ ಒರೆಸಿ.

ಇನ್ನು ಚುನಾವಣೆ, ಕೋವಿಗಳು ಠಾಣೆ ಸೇರುವ ಕಾಲ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಎಣಿಕೆ ಜೂನ್ 4ಕ್ಕೆ. ಠಾಣೆಯಲ್ಲಿಟ್ಟ ಕೋವಿ ಕರಾವಳಿಯ ಸೆಕೆಯನ್ನು ಪೂರ್ತಿ ಕುಡಿದು ಮಳೆ ಹಿಡಿಯುವ ಹೊತ್ತಿಗೆ ಮನೆಗೆ ಬರುತ್ತದೆ. ಪರವಾನಗಿ ಇರುವ ಡೀಲರ್ ಬಳಿ ಇಡಲು ಅವಕಾಶ ಸಿಕ್ಕರೆ ಅಲ್ಲಿಡುವುದು ಮೇಲು. ಕೊಡುವ ಮೊದಲು ಉದ್ದ, ಎರಡು ಡ್ರಾಪ್, ಓರೆ, ಪಿಚ್ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪರವಾನಗಿ ಪುಸ್ತಕದೊಳಗೆ ಇಟ್ಟುಕೊಳ್ಳಿ. ಮರಳಿ ಬಂದ ದಿನವೇ ಅಳೆಯಬೇಡಿ. ಮನೆಯೊಳಗೆ ಹದಿನೈದು ದಿನ ಇಟ್ಟು, ಪ್ಯಾಡಿನ ಎರಡು ಸ್ಕ್ರೂ ಬಿಗಿಯಿದೆಯೇ ನೋಡಿ, ಆಮೇಲೆ ಮೇಜಿನ ಮೇಲೆ ಮಗುಚಿ.