ತೊಡೆಯ ಗೆರೆಗೆ ಮುಲಾಮು ಹುಡುಕುವ ಮೊದಲು ಟ್ಯೂಬಿನ ಹಿಂಬದಿ ಓದಿ

ಹೈಸ್ಕೂಲು ಹುಡುಗನ ಸೊಂಟದ ಮೇಲ್ಭಾಗದಲ್ಲಿ, ಬೆನ್ನಿಗೆ ಅಡ್ಡವಾಗಿ, ಏಣಿಯ ಮೆಟ್ಟಿಲಿನಂತೆ ನಾಲ್ಕೈದು ಕೆನ್ನೇರಳೆ ಗೆರೆ. ಯಾರೋ ಬಾರಿಸಿದ್ದಾರೆಂದು ಶಾಲೆಗೆ ಹೋಗಿ ಜಗಳ ತೆಗೆಯುವವರೂ ಇದ್ದಾರೆ. ಅದು ಏಟಿನ ಬರೆಯಲ್ಲ, ಸ್ಟ್ರೆಚ್ ಮಾರ್ಕ್. ಹುಡುಗ ದಿಢೀರನೆ ಉದ್ದವಾಗುವಾಗ ಬೆನ್ನಿನ ಚರ್ಮ ಮೇಲಕ್ಕೂ ಕೆಳಕ್ಕೂ ಜಗ್ಗುತ್ತದೆ; ಒಳಪದರದ ಕಾಲಜನ್, ಎಲಾಸ್ಟಿನ್ ಎಳೆಗಳು ಆ ಜಗ್ಗಿಗೆ ಅಡ್ಡವಾಗಿ ಹರಿಯುತ್ತವೆ. ಹುಡುಗಿಯರಲ್ಲಿ ತೊಡೆ, ಪಿರ್ರೆ, ಎದೆಯ ಮೇಲೆ ಹೆಚ್ಚು. ಹೊರಚರ್ಮ ಇಡಿಯಾಗೇ ಇರುತ್ತದೆ, ಹರಕು ಇರುವುದು ಒಳಗೆ. ತಿಪಟೂರಿನ ಅಪ್ಪಟ ಕೊಬ್ಬರಿ ಎಣ್ಣೆಯೇ ಆದರೂ ಅಲ್ಲಿಗೆ ಇಳಿದು ಹೊಲಿಗೆ ಹಾಕಲಾರದು. ಹೊಸ ಗೆರೆ ನವೆಯಾಗುತ್ತಿದ್ದರೆ ಸ್ನಾನವಾದ ಕೂಡಲೇ ಹಚ್ಚಿ, ನವೆ ತಗ್ಗುತ್ತದೆ. ಅಷ್ಟಕ್ಕೇ ಅದು ಸರಿ.

ಬೆಳವಣಿಗೆಯ ಗೆರೆಗಳು ತಿಂಗಳುಗಟ್ಟಲೆ ಕೆಂಪಾಗಿದ್ದು, ವರ್ಷ ಎರಡು ವರ್ಷದಲ್ಲಿ ಬೆಳ್ಳಗಾಗಿ ಕಣ್ಣಿಗೆ ಬೀಳುವುದೇ ಕಡಿಮೆಯಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಚಿಕಿತ್ಸೆಯೇ ಬೇಡ.

ತಲೆ ಕೆಡಿಸಿಕೊಳ್ಳಬೇಕಾದದ್ದು ಮುಲಾಮಿನಿಂದಲೇ ಬೀಳುವ ತೊಡೆಸಂದಿಯ ಗೆರೆಗಳ ಬಗ್ಗೆ. ತುಮಕೂರಿನಂಥ ಹಾಸ್ಟೆಲ್ ಊರಿನಲ್ಲಿ ಒಂದೇ ಟವೆಲ್ಲು ನಾಲ್ಕು ಜನರ ಮೈ ಒರೆಸುತ್ತದೆ, ಒದ್ದೆ ಚಡ್ಡಿ ಮೈಮೇಲೇ ಒಣಗುತ್ತದೆ, ಹುಳುಕಡ್ಡಿ ಹರಡುತ್ತದೆ. ಹೇಳಿಕೊಳ್ಳಲು ನಾಚಿಕೆ, ಮೆಡಿಕಲ್ ಶಾಪಿನಲ್ಲಿ ‘ಕಜ್ಜಿ ಮುಲಾಮು’ ಕೇಳಿ ತರುತ್ತಾರೆ. ಎರಡೇ ದಿನಕ್ಕೆ ನವೆ ನಿಂತರೆ ಅನುಮಾನ ಪಡಿ. ಟ್ಯೂಬು ತಿರುಗಿಸಿ ಸಣ್ಣಕ್ಷರ ಓದಿ: ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವೆಲ್ಲ ಸ್ಟೀರಾಯ್ಡ್. ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆಂಟಿಬಯಾಟಿಕ್ ಬೆರೆಸಿರುತ್ತಾರೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದರೂ ಕೇಳಿದವರಿಗೆ ಸಿಗುತ್ತಲೇ ಇವೆ.

ಸ್ಟೀರಾಯ್ಡ್ ಹುಳುಕಡ್ಡಿಯನ್ನು ಕೊಲ್ಲುವುದಿಲ್ಲ, ಉರಿಯನ್ನು ಅಡಗಿಸುತ್ತದೆ. ಮರೆಯಲ್ಲಿ ಫಂಗಸ್ ಬೆಳೆಯುತ್ತದೆ. ಅತ್ತ ಕಾಲಜನ್ ನೇಯುವ ಜೀವಕೋಶಗಳೂ ಕೆಲಸ ನಿಲ್ಲಿಸುತ್ತವೆ. ತೊಡೆಸಂದಿ, ಕಂಕುಳಲ್ಲಿ ಚರ್ಮ ತೆಳು, ಸದಾ ಬೆವರು, ಚರ್ಮಕ್ಕೆ ಚರ್ಮ ಅಂಟಿಕೊಂಡಿರುತ್ತದೆ. ಹಾಗಾಗಿ ಅಲ್ಲಿ ಔಷಧಿ ಹೀರುವಿಕೆ ಜಾಸ್ತಿ. ಕೆಲವೇ ವಾರಗಳಲ್ಲಿ ಬೆರಳಗಲದ ಗೆರೆ ಬೀಳಬಹುದು, ಇವು ಬೆಳವಣಿಗೆಯ ಗೆರೆಗಳಂತೆ ಮಾಸುವುದೂ ಇಲ್ಲ. ಮುಲಾಮು ಬಿಟ್ಟ ಕೂಡಲೇ ಹುಳುಕಡ್ಡಿ ಕೆರಳುತ್ತದೆ. ಹೆದರಿ ಅದೇ ಟ್ಯೂಬಿಗೆ ಮರಳುವುದೇ ಎಲ್ಲರೂ ಮಾಡುವ ತಪ್ಪು. ಡಾಕ್ಟರಿಗೆ ಹಳೇ ಟ್ಯೂಬನ್ನೇ ತೋರಿಸಿ, ಸ್ಟೀರಾಯ್ಡ್ ಇಲ್ಲದ ಫಂಗಸ್ ಔಷಧಿ ಬರೆಸಿಕೊಳ್ಳಿ. ಕಾಯಿಲೆಯೊಂದಕ್ಕೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವ ಮಗುವಿನ ಲೆಕ್ಕ ಬೇರೆ: ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಇನ್ನೊಂದು ಪರೀಕ್ಷೆಗೆ ಸ್ಕೇಲು ಸಾಕು. ಹೊಟ್ಟೆಯ ಮೇಲಿನ ನೇರಳೆ ಗೆರೆ 1 ಸೆಂಟಿಮೀಟರಿಗಿಂತ ಅಗಲವಾಗಿದ್ದು, ಮುಖ ದುಂಡಗಾಗಿ, ತೂಕ ಏರುತ್ತಾ ಎತ್ತರ ನಿಂತಿದ್ದರೆ ಕುಶಿಂಗ್ ತೊಂದರೆ, ಅಂದರೆ ಮೈಯಲ್ಲಿ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನು ಅತಿಯಾಗಿರುವುದು, ಇರಬಹುದು. ಬರೀ ತಿಂದು ದಪ್ಪಗಾದ ಮಗು ಸಾಮಾನ್ಯವಾಗಿ ವಯಸ್ಸಿಗಿಂತ ಎತ್ತರವಾಗೇ ಬೆಳೆಯುತ್ತದೆ. ವ್ಯತ್ಯಾಸ ಹಿಡಿಯುವುದು ಇಲ್ಲೇ. ಗೋಡೆಗೆ ನಿಲ್ಲಿಸಿ ಮೂರು ತಿಂಗಳಿಗೊಮ್ಮೆ ಪೆನ್ಸಿಲ್ ಗುರುತು ಹಾಕಿ. ಅನುಮಾನ ಬಂದರೆ ಬಿ.ಪಿ. ನೋಡಿಸಿ, ಕಾರ್ಟಿಸಾಲ್ ಪರೀಕ್ಷೆ ಮಾಡಿಸಬೇಕು.

ಕಾರಣ ಸರಿಹೋದ ಮೇಲೂ ಗೆರೆ ಮಗುವನ್ನು ಕಾಡುತ್ತಿದ್ದರೆ, ಕೆಂಪಿರುವಾಗಲೇ ಚಿಕಿತ್ಸೆ. ಹದಿಹರೆಯದವರಿಗೆ ಚರ್ಮವೈದ್ಯರು ಟ್ರೆಟಿನಾಯಿನ್ ಎಂಬ ವಿಟಮಿನ್ ಎ ಬಗೆಯ ಮುಲಾಮು ಕೊಡುತ್ತಾರೆ, ಶುರುವಿಗೆ 0.025%, ಒಗ್ಗಿದರೆ 0.05%. ದಿನ ಬಿಟ್ಟು ದಿನ, ರಾತ್ರಿ, ಚರ್ಮ ಪೂರ್ತಿ ಒಣಗಿದ ಮೇಲೆ, ಗೆರೆಯ ಮೇಲಷ್ಟೇ ತೆಳ್ಳಗೆ. ತೋರುಬೆರಳಿನ ತುದಿಯ ಗೆಣ್ಣಿನುದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಎರಡು ಅಂಗೈಯಗಲಕ್ಕೆ ಸಾಕು. ಉರಿದು ಸಿಪ್ಪೆ ಎದ್ದರೆ ಮೂರ್ನಾಲ್ಕು ದಿನ ಬಿಡಿ. ತೊಡೆಸಂದಿಗೆ ಬೇಡ, ಗರ್ಭಿಣಿಯರಿಗಂತೂ ಬೇಡವೇ ಬೇಡ. ಐದಾರು ತಿಂಗಳಿಗೆ ಗೆರೆ ಸಪೂರವಾಗಿ ಕುಗ್ಗಬಹುದು, ಅಳಿಸಿಹೋಗದು. ದಿನಾ ಕನ್ನಡಿ ನೋಡುವ ಬದಲು ತಿಂಗಳಿಗೊಂದು ಫೋಟೊ, ಅದೇ ಕಿಟಕಿಯ ಬೆಳಕಲ್ಲಿ, ಅಷ್ಟೇ ದೂರದಿಂದ.

ಬೆಳ್ಳಗಾದ ಮೇಲೆ ಮುಲಾಮು ಹೆಚ್ಚೇನೂ ಮಾಡದು. ಉಳಿಯುವುದು ಮೈಕ್ರೊನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು), ಲೇಸರ್: ತಿಂಗಳ ಅಂತರದಲ್ಲಿ ಹಲವು ಸಿಟ್ಟಿಂಗ್. ನಮ್ಮ ಕಂದು ಮೈಬಣ್ಣದಲ್ಲಿ ಲೇಸರ್ ತಾಗಿದಲ್ಲಿ ಕಪ್ಪು ಕಲೆ ಉಳಿಯುವ ಭಯ ಜಾಸ್ತಿ. ಎತ್ತರ ಏರುತ್ತಿರುವ ಮಗುವಿಗೆ ಇವೆರಡೂ ದಂಡ, ಪಕ್ಕದಲ್ಲೇ ಹೊಸ ಗೆರೆ ಮೂಡುತ್ತದೆ. ಪ್ಯಾಕೇಜಿಗೆ ಮುಂಗಡ ಕೊಡುವ ಮುಂಚೆ ಆ ಪೆನ್ಸಿಲ್ ಗುರುತು ನೋಡಿ. ವರ್ಷದಿಂದ ಅಲ್ಲೇ ನಿಂತಿದೆಯೇ? ಆನ್‌ಲೈನಿನಲ್ಲಿ ತರಿಸಿ ಅಕ್ಕ-ತಂಗಿ ಹಂಚಿಕೊಳ್ಳುವ ಮುಳ್ಳಿನ ರೋಲರ್ ಕಂಡರೆ ಕಸದ ಡಬ್ಬಿಗೆ ಹಾಕಿ, ಅದರಿಂದ ದಾಟುವುದು ಕೀವು, ಸೋಂಕು.