ಅಲ್ಯೂಮಿನೈಸ್ ಮಾಡಿಸುವಾಗ ಮೈಕ್ರಾನ್ ಒಂದನ್ನೇ ಕೇಳಬೇಡಿ

ಫರ್ನೇಸ್‌ನ ಬುಟ್ಟಿ, ಟ್ರೇ, ಶಾಖ ಅಳೆಯುವ ಥರ್ಮೋಕಪಲ್‌ನ ಕೊಳವೆಗೆ ಅಲ್ಯೂಮಿನಿಯಂ ಕೋಟಿಂಗ್ ಮಾಡಿಸಲು ಬರುವವರು ಮೊದಲು ಕೇಳುವುದು ಒಂದೇ: "ಎಷ್ಟು ಮೈಕ್ರಾನ್ ಕೂರಿಸ್ತೀರಿ?" ದಪ್ಪ ಜಾಸ್ತಿ ಆದರೆ ಬಾಳಿಕೆಯೂ ಜಾಸ್ತಿ ಅನ್ನೋ ಲೆಕ್ಕ. ಆದರೆ ಇಲ್ಲಿ ಆ ಲೆಕ್ಕ ಎಷ್ಟೋ ಸಲ ಕೈಕೊಡುತ್ತದೆ.

ಸಾದಾ ಸ್ಟೀಲ್ 570 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೈಮೇಲೆ ವುಸ್ಟೈಟ್ ಅನ್ನುವ ಆಕ್ಸೈಡ್ ಹುಟ್ಟುತ್ತದೆ. ಅದರ ಹರಳಿನಲ್ಲಿ ಕಬ್ಬಿಣ ಇರಬೇಕಾದ ಎಷ್ಟೋ ಜಾಗಗಳು ಖಾಲಿ. ಅವನ್ನೇ ಹಿಡಿದು ಒಳಗಿನ ಕಬ್ಬಿಣ ಹೊರಗೆ ಬರುತ್ತಲೇ ಇರುತ್ತದೆ, ಹಕ್ಕಳೆ ದಪ್ಪವಾಗಿ ಉದುರುತ್ತದೆ. ಕೋಟಿಂಗ್‌ನ ಅಲ್ಯೂಮಿನಿಯಂ ಬಿಸಿಗೆ ಕಟ್ಟಿಕೊಳ್ಳುವ ಆಕ್ಸೈಡ್, ಅಂದರೆ ಅಲ್ಯೂಮಿನಾದಲ್ಲಿ, ಅಂಥ ದಾರಿ ತೀರಾ ಕಡಿಮೆ. ಒಂದೆರಡು ಮೈಕ್ರಾನ್ ಪೊರೆ ಬಿಡುವಿಲ್ಲದೆ ಹರಡಿದ್ದರೂ ಸಾಕು. ಅದು ಉದುರಿದಲ್ಲೆಲ್ಲ ಹೊಸದು ಕಟ್ಟಲು ಅಲ್ಯೂಮಿನಿಯಂ ಕೊಡುವುದು ಕೆಳಗಿನ ಕೋಟಿಂಗ್‌ನ ಕೆಲಸ.

ಈ ಅಲ್ಯೂಮಿನಿಯಂ ದಾಸ್ತಾನು ಯಾವ ರೂಪದಲ್ಲಿದೆ ಅನ್ನುವುದೇ ಮುಖ್ಯ. ಸುಮಾರು 700 ಡಿಗ್ರಿಯ ಕರಗಿದ ಅಲ್ಯೂಮಿನಿಯಂನಲ್ಲಿ ಸ್ಟೀಲ್ ಅದ್ದಿದರೆ, ಎರಡು ಕಬ್ಬಿಣಕ್ಕೆ ಐದು ಅಲ್ಯೂಮಿನಿಯಂ ಪರಮಾಣು ಸೇರಿದ ಪದರ ಬೆಳೆಯುತ್ತದೆ. ಅಡ್ಡ ಕೊಯ್ದು, ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಬಾಚಣಿಗೆಯ ಹಲ್ಲಿನ ಹಾಗೆ ಸ್ಟೀಲಿನೊಳಗೆ ಇಳಿದಿರುತ್ತದೆ. ಅದರ ಮೇಲೆ ವಿಕರ್ಸ್ ಯಂತ್ರದ ವಜ್ರ ಒತ್ತಿದರೆ ಗಡಸುತನ 1000ದ ಆಸುಪಾಸು ಬರುತ್ತದೆ. ನೋಡಬೇಕಾದ್ದು ಅಂಕಿಯನ್ನಲ್ಲ, ಗುರುತಿನ ಮೂಲೆಗಳನ್ನು. ಅಲ್ಲಿಂದ ಕೂದಲೆಳೆ ಬಿರುಕುಗಳು ಹೊರಟಿರುತ್ತವೆ. ಇದನ್ನು ದಪ್ಪ ಮಾಡಿಕೊಂಡು ಏನು ಮಾಡ್ತೀರಿ?

ನನಗೆ ಬೇಕಾದ್ದು ಒಂದು ಕಬ್ಬಿಣಕ್ಕೆ ಒಂದು ಅಲ್ಯೂಮಿನಿಯಂ ಪರಮಾಣು ಸೇರಿದ ಪದರ. ತೂಕದಲ್ಲಿ ಅಲ್ಯೂಮಿನಿಯಂ ಶೇ. 33ರಷ್ಟು, ಎರಡಕ್ಕೆ ಐದರಲ್ಲಿ ಶೇ. 55. ಕಡಿಮೆಯೇ, ಆದರೂ ಪೊರೆ ಕಟ್ಟಲು ಧಾರಾಳ. ಬಿರುಕೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದ್ದಿದ ಮೇಲೆ 900–1000 ಡಿಗ್ರಿಯಲ್ಲಿ ಕಾಯಿಸಿದರೆ ಅಲ್ಯೂಮಿನಿಯಂ ಒಳಗೆ ಸರಿದು ಈ ಪದರ ಸಿಗುತ್ತದೆ. ಭಾಗವನ್ನು ಪುಡಿಯಲ್ಲಿ ಹೂತು ಕಾಯಿಸುವ ಪ್ಯಾಕ್ ವಿಧಾನದಲ್ಲಾದರೆ ಅಲ್ಯೂಮಿನಾ ಪುಡಿ, ಅಮೋನಿಯಂ ಕ್ಲೋರೈಡ್ ಜೊತೆ ಶುದ್ಧ ಅಲ್ಯೂಮಿನಿಯಂ ಬದಲು ಕಬ್ಬಿಣ ಬೆರೆತ ಪುಡಿ ಹಾಕಬೇಕು.

ಆದರೆ ಆ ಸರಿಯುವಿಕೆ ಬೇಕಾದಲ್ಲಿಗೆ ನಿಲ್ಲುವುದಿಲ್ಲ. ಬಳಕೆಯಲ್ಲೂ ಅಲ್ಯೂಮಿನಿಯಂ ಸ್ಟೀಲಿನೊಳಗೆ ಜಾರುತ್ತಾ ಹೋಗುತ್ತದೆ, ಗಡಿಯಲ್ಲಿ ಸಣ್ಣ ಸಣ್ಣ ಪೊಳ್ಳುಗಳು ಕಾಣುತ್ತವೆ. ಬಹಳಷ್ಟು ಕೋಟಿಂಗ್‌ಗಳು ಸಾಯುವುದು ಹೀಗೆ, ಒಳಮುಖವಾಗಿ. ಮೇಲೆ ಸುಟ್ಟು ಖಾಲಿಯಾಗುವ ಅಲ್ಯೂಮಿನಿಯಂ ಅದರ ಮುಂದೆ ಚಿಲ್ಲರೆ.

ಇನ್ನೊಂದು ಶತ್ರು, ತಣಿಯುವುದು. ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಲೆಕ್ಕ ಹಾಕಿದರೆ ಸಾದಾ ಸ್ಟೀಲ್ ಸುಮಾರು 12ರಿಂದ 14 ಪಾಲು ಕುಗ್ಗುತ್ತದೆ, ಒಂದಕ್ಕೆ ಒಂದರ ಪದರ 20ಕ್ಕಿಂತ ಜಾಸ್ತಿ, ಅಲ್ಯೂಮಿನಾ 8ರಷ್ಟು. ಮೂವರೂ ಮೂರು ಕಡೆ ಎಳೆದರೆ ಬಿರುಕು ಬಿಡದೆ ಇನ್ನೇನಾಗುತ್ತೆ? ಹಾಗಾಗಿ ನಾನು ಮೊದಲು ಕೇಳುವುದು, ಫರ್ನೇಸ್ ದಿನಾ ಆರುತ್ತಾ, ಇಲ್ಲಾ ತಿಂಗಳುಗಟ್ಟಲೆ ಉರಿಯುತ್ತಾ ಅಂತ. ದಿನಾ ಆರುವುದಾದರೆ ತೆಳುವಾದ, ಅಲ್ಯೂಮಿನಿಯಂ ಕಡಿಮೆ ಇರುವ ಕೋಟಿಂಗೇ ವಾಸಿ.

ಈ ಒಂದಕ್ಕೆ ಒಂದರ ಲೋಹ ಇಷ್ಟು ಒಳ್ಳೆಯದಾದರೆ ಇಡೀ ಬುಟ್ಟಿಯನ್ನೇ ಇದರಲ್ಲಿ ಮಾಡಬಾರದೇ ಅಂತ ಕೆಲವರು ಕೇಳುತ್ತಾರೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 1980ರ ದಶಕದಲ್ಲೇ ಇದರ ಹಿಂದೆ ಬಿದ್ದಿತ್ತು. ಗಾಳಿಯ ತೇವ ಅಲ್ಯೂಮಿನಿಯಂ ಜೊತೆ ಸೇರಿ ಹೈಡ್ರೋಜನ್ ಬಿಡುತ್ತದೆ, ಅದು ಒಳಹೊಕ್ಕು ಲೋಹವನ್ನು ಪೆಡಸಾಗಿಸುತ್ತದೆ ಎಂದು ಅಲ್ಲಿನವರು ತೋರಿಸಿಕೊಟ್ಟರು. ಮಾಮೂಲಿ ಕೋಣೆಯ ಗಾಳಿಯೇ ಸಾಕು! ಭಾರ ಹೊರುವ ಕೆಲಸ ಸ್ಟೀಲಿಗೇ ಇರಲಿ ಅನ್ನುವುದು ಇದಕ್ಕೇ.

ಆರ್ಡರ್ ಕೊಡುವಾಗ ದಪ್ಪದ ಜೊತೆ ಅಡ್ಡಕೊಯ್ತದ ಫೋಟೋ ಕೇಳಿ, ಯಾವ ಪದರ ಎಂದು ಬರೆಸಿಕೊಳ್ಳಿ. ವೆಲ್ಡಿಂಗ್ ಇದ್ದರೆ ಮೊದಲೇ ಮುಗಿಸಿ ಕಳಿಸಿ. ಚೂಪು ಅಂಚುಗಳನ್ನು ದುಂಡಗೆ ಉಜ್ಜಿ ಕೊಡಿ, ಬಿರುಕು ಸಾಮಾನ್ಯವಾಗಿ ಶುರುವಾಗುವುದು ಅಲ್ಲೇ.