ಸಾವಿನ ಭಯವೋ, ಸಾಯುವ ಭಯವೋ?

ಮನಶ್ಶಾಸ್ತ್ರದಲ್ಲಿ ಹಿರಿಯರ ಸಾವಿನ ಆತಂಕದ ಪಾಠ ಓದುವಾಗ ನಾನು ಎಡವಿದ್ದು ಒಂದೇ ಕಡೆ: ಸಾವಿನ ಭಯ ಬೇರೆ, ಸಾಯುವ ಹೊತ್ತಿನ ಭಯ ಬೇರೆ. ಅದು ತಲೆಗೆ ಹತ್ತಿದ್ದು ನಮ್ಮಜ್ಜಿಯ ಟ್ರಂಕಿನಿಂದ. ಅದರ ತಳದಲ್ಲಿ ಮಡಿಕೆ ಬಿಚ್ಚದ ಒಂದು ಸೀರೆ ಇದೆ. ಪಕ್ಕದಲ್ಲಿ ಕರವಸ್ತ್ರದಲ್ಲಿ ಗಂಟು ಕಟ್ಟಿದ ಸ್ವಲ್ಪ ದುಡ್ಡು. 'ಅವತ್ತಿಗೆ ಬೇಕಲ್ಲ' ಅಂತ ಆರಾಮಾಗಿ ಹೇಳುತ್ತಾಳೆ. ಅದೇ ಅಜ್ಜಿ ಬಿ.ಪಿ. ಮಾತ್ರೆ ಒಂದು ಹೊತ್ತು ತಪ್ಪಿದರೆ ರಾತ್ರಿಯೆಲ್ಲ ಹೊರಳಾಡುತ್ತಾಳೆ. 'ಹೋಗೋದಕ್ಕೆ ಹೆದರಿಕೆ ಇಲ್ಲ ಮಗಾ, ಲಕ್ವ ಹೊಡೆದು ಹಾಸಿಗೆ ಹಿಡೀಬಾರ್ದು.' ದೇವಸ್ಥಾನದಲ್ಲಿ ಹಿರಿಯರು ಹೇಳಿಕೊಳ್ಳುವ 'ಅನಾಯಾಸೇನ ಮರಣಂ' ಶ್ಲೋಕ ಕೇಳುವುದೂ ಇಷ್ಟೇ ಅಲ್ವಾ? ಸಾವು ಬೇಡ ಅಂತಲ್ಲ, ನರಳಾಟ ಬೇಡ ಅಂತ.

ಕಾಲೆಟ್ ಮತ್ತು ಲೆಸ್ಟರ್ ಎಂಬ ಸಂಶೋಧಕರು 1969ರಲ್ಲೇ ಈ ಎರಡು ಭಯಗಳನ್ನೂ ಬೇರೆ ಬೇರೆ ಅಳೆದರು. ತಮ್ಮ ಸಾವು, ಬೇರೆಯವರ ಸಾವು ಎಂದೂ ಬಿಡಿಸಿದರು. ಸಾವಿನ ಆತಂಕ ಅಳೆಯುವ ಟೆಂಪ್ಲರ್ ಅವರ 1970ರ ಮಾಪನದಲ್ಲಿ 15 ಸರಿ-ತಪ್ಪು ಹೇಳಿಕೆಗಳು, ಕೊನೆಗೆ ಒಂದೇ ಅಂಕ. ಬಳಸೋಕೆ ಸುಲಭ. ಆದರೆ ಭಯ ಯಾವುದರದ್ದು ಅಂತ ಆ ಅಂಕ ಹೇಳುವುದಿಲ್ಲ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ವಾಂಗ್, ರೇಕರ್ ಮತ್ತು ಗೆಸ್ಸರ್ ಅವರ 1994ರ ಮಾಪನ. 32 ಹೇಳಿಕೆ, ಸಾವಿನ ಬಗ್ಗೆ ಐದು ಧೋರಣೆ. ಮೊದಲೆರಡು ಭಯ ಮತ್ತು ಆ ಮಾತನ್ನೇ ಎತ್ತದಿರುವುದು. ಉಳಿದ ಮೂರೂ ಒಪ್ಪಿಗೆಗಳೇ. 'ಹುಟ್ಟಿದವರು ಸಾಯಲೇಬೇಕು' ಅನ್ನುವುದು ತಟಸ್ಥ ಒಪ್ಪಿಗೆ. 'ದೇವರ ಪಾದ ಸೇರ್ತೀನಿ' ಅನ್ನುವುದು ಮುಂದೆ ಒಳ್ಳೆಯದಿದೆ ಎಂಬ ಒಪ್ಪಿಗೆ. 'ಸಾಕಪ್ಪಾ, ಬೇಗ ಕರ್ಕೋ' ಅನ್ನುವುದು ಬಿಡುಗಡೆಯ ಒಪ್ಪಿಗೆ. ಪರೀಕ್ಷೆಯಲ್ಲಿ ಈ ಮೂರನೆಯದನ್ನು ಸುಮ್ನೆ 'ಮನಶ್ಶಾಂತಿ' ಅಂತ ಬರೆಯಬೇಡಿ. ಅದರಲ್ಲಿ ಸಾವಿನ ಮೇಲಿನ ಒಲವಿಗಿಂತ ಬದುಕಿನ ನೋವೇ ಹೆಚ್ಚು.

ಫೋರ್ಟ್ನರ್ ಮತ್ತು ನೀಮೆಯರ್ 1999ರಲ್ಲಿ ಹಿರಿಯರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ದೇಹದ ಕಾಯಿಲೆ, ಮನಸ್ಸಿನ ತೊಂದರೆ ಜಾಸ್ತಿ ಇದ್ದವರಲ್ಲಿ ಸಾವಿನ ಆತಂಕವೂ ಜಾಸ್ತಿ ಇತ್ತು. ಮನಶ್ಶಾಸ್ತ್ರಜ್ಞ ಎರಿಕ್ಸನ್ ಹೇಳಿದ, ಹಿಂತಿರುಗಿ ನೋಡಿ 'ಬಾಳಿದ್ದು ಸಾರ್ಥಕ' ಅನ್ನಿಸುವ ಭಾವ ಕಡಿಮೆ ಇದ್ದವರಲ್ಲೂ ಹಾಗೇ. ಇಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಅಂತ ತೀರ್ಮಾನಿಸೋಕೆ ಹೋಗಬೇಡಿ. ಒಟ್ಟೊಟ್ಟಿಗೆ ಕಾಣಿಸುತ್ತವೆ, ಅಷ್ಟೇ.

ಮಂಡಿನೋವು ಏರಿದ ವಾರ ನಮ್ಮಜ್ಜಿಯದೂ 'ಸಾಕಪ್ಪಾ' ರಾಗ. ನೋವು ಇಳಿದ ಮೇಲೆ ಪಕ್ಕದ ಮನೆಯ ಮದುವೆಗೆ ಟ್ರಂಕ್ ತೆಗೆದಳು. ತಳದ ಸೀರೆ ಮುಟ್ಟಲಿಲ್ಲ, ಮೇಲಿನದನ್ನು ಉಟ್ಟಳು.